ಮೂರೆಲೆಯ ಬೇರು: ಚಳಿ ಊರಿನಲ್ಲಿ ನಿಂಬೆ, ಕಿತ್ತಳೆ ನೆಡುವವರಿಗೆ

(ನಾರ್ತ್ ಕ್ಯಾರೊಲಿನಾದಲ್ಲಿ ನಮ್ಮೂರಿನ ಲೈಬ್ರರಿಯಲ್ಲಿ, ಕನ್ನಡದವರೇ ಸೇರಿದ್ದ ಒಂದು ಶನಿವಾರ ಮಧ್ಯಾಹ್ನ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಕೊಂಬೆಯನ್ನು ಕೈಯಿಂದ ಕೈಗೆ ದಾಟಿಸಿ. ಹುಷಾರು, ಮುಳ್ಳು ಒಂದೂವರೆ ಇಂಚು ಇದೆ. ಎಲೆ ನೋಡಿ. ಒಂದು ತೊಟ್ಟಿಗೆ ಮೂರು. ಏನಿದು ಹೇಳಿ ನೋಡೋಣ?

(ಮುಂದಿನ ಸಾಲಿನಿಂದ ಉತ್ತರ ಬಂತು: "ಬಿಲ್ವಪತ್ರೆ!")

ನಮ್ಮ ಅಮ್ಮನೂ ಅದನ್ನೇ ಹೇಳಿದ್ದರು. ಆ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇವತ್ತಿನ ವಿಷಯವೆಲ್ಲ ಅದರೊಳಗೇ ಇದೆ.

ಇಲ್ಲಿ ಮನೆ ಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಹಿತ್ತಲಲ್ಲಿ ಒಂದು ನಿಂಬೆ ಗಿಡ ನೆಟ್ಟಿದ್ದು. ಅಂಗಡಿಯಲ್ಲಿ ಚೀಟಿ ಮೇಲೆ ಹಣ್ಣಿನ ಚಿತ್ರ ಇತ್ತು, ಬೆಲೆ ಇತ್ತು, ಬೇರೇನೂ ಇರಲಿಲ್ಲ. ಎರಡು ಬೇಸಿಗೆ ಚೆನ್ನಾಗಿ ಬಂತು. 2018ರ ಜನವರಿಯಲ್ಲಿ ಆ ಉದ್ದದ ಚಳಿ ಬಂತಲ್ಲ, ದಿನಗಟ್ಟಲೆ ಐಸ್ ಕರಗದ ಚಳಿ, ಗಿಡ ಬುಡದವರೆಗೂ ಒಣಗಿತು. ಸರಿ, ಹೋಯಿತು ಅಂದುಕೊಂಡೆ. ಮೇ ತಿಂಗಳಲ್ಲಿ ಬುಡದಿಂದ ಹಸಿರು ಚಿಗುರು ಬಂತು. ನನಗೋ ಸಂಭ್ರಮ. ಗೊಬ್ಬರ ಹಾಕಿದೆ, ನೀರು ಹಾಕಿದೆ. ಹುಲ್ಲು ಕತ್ತರಿಸುವವನಿಗೆ ಅದರ ಹತ್ತಿರ ಬರಬೇಡ ಎಂದು ಹೇಳಿದೆ.

ಮುಂದಿನ ವರ್ಷ ಅಮ್ಮ ಸೋಮವಾರಪೇಟೆಯಿಂದ ಬಂದರು. ಶ್ರಾವಣ ಸೋಮವಾರ ಹಿತ್ತಲಿಗೆ ಹೋದವರು ಓಡಿಬಂದು, "ಅಮೆರಿಕದಲ್ಲೂ ಬಿಲ್ವ ಇಟ್ಟಿದ್ದೀಯಲ್ಲೋ, ನನಗೆ ಹೇಳಲೇ ಇಲ್ಲ" ಎಂದರು. ಮೂರು ದಳ, ಮುಳ್ಳು, ಹಿಸುಕಿದರೆ ಘಮ. ಶಿವನಿಗೆ ಏರಿಸಿಯೂ ಆಯಿತು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು, ನಿಂಬೆಗೆ ಎಲ್ಲಿಯ ಮೂರು ಎಲೆ? ಬರಲಿಲ್ಲ. ನಾಲ್ಕನೇ ವರ್ಷ ಕಾಯಿ ಬಿಟ್ಟಿತು. ಪಿಂಗ್‌ಪಾಂಗ್ ಚೆಂಡಿನಷ್ಟು ದೊಡ್ಡದು, ಹಳದಿ, ಮೈ ಮೇಲೆ ಪೀಚ್ ಹಣ್ಣಿನ ಹಾಗೆ ನವಿರು ರೋಮ. ಕೊಯ್ದರೆ ಒಳಗೆ ಬರೀ ಬೀಜ. ಚಾಕುವಿಗೆ ಅಂಟು ಮೆತ್ತಿಕೊಂಡಿದ್ದು ಸೋಪಿಗೂ ಹೋಗಲಿಲ್ಲ. ನಾಲಿಗೆಗೆ ಇಟ್ಟೆ. ಆ ಕಹಿ ಸಂಜೆಯವರೆಗೂ ಬಾಯಲ್ಲೇ ಇತ್ತು.

ನಿಂಬೆ 2018ರಲ್ಲೇ ಸತ್ತಿತ್ತು. ನಾನು ನಾಲ್ಕು ವರ್ಷ ಸಾಕಿದ್ದು ಅದರ ಕೆಳಗಿದ್ದ ಇನ್ನೊಂದು ಗಿಡವನ್ನು. ಕೋಗಿಲೆ ಮರಿ ಸಾಕಿದ ಕಾಗೆಯ ಪಾಡು.

ಈ ಇನ್ನೊಂದು ಗಿಡದ ಹೆಸರು ಟ್ರೈಫೋಲಿಯೇಟ್ ಆರೆಂಜ್. ಮೂರೆಲೆ ಕಿತ್ತಳೆ ಅನ್ನಿ. ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. ಬಿಲ್ವ, ಬೇಲ, ನಿಂಬೆ, ಕರಿಬೇವು ಎಲ್ಲ ಒಂದೇ ಕುಟುಂಬ. ಚೀನಾ, ಕೊರಿಯಾ ಕಡೆಯ ಗಿಡ ಇದು. ಜಪಾನಿನಲ್ಲಿ ಕರತಾಚಿ ಎನ್ನುತ್ತಾರೆ, ಅಲ್ಲಿ ತುಂಬಾ ಕಾಲದಿಂದ ಕಿತ್ತಳೆಯನ್ನು ಇದರ ಮೇಲೆಯೇ ಕಸಿ ಕಟ್ಟುತ್ತಾರೆ. ನಿಂಬೆ ಜಾತಿಯ ಬೇರೆಲ್ಲ ಗಿಡ ವರ್ಷಪೂರ್ತಿ ಎಲೆ ಇಟ್ಟುಕೊಂಡಿದ್ದರೆ, ಇದು ಚಳಿ ಶುರುವಾಗುತ್ತಿದ್ದ ಹಾಗೆ ಎಲೆ ಉದುರಿಸಿ ಮಲಗಿಬಿಡುತ್ತದೆ. ಚೆನ್ನಾಗಿ ಮಲಗಿದ ಗಿಡ ಮೈನಸ್ 20 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ಎಲ್ಲ ಲೆಕ್ಕ ಸೆಲ್ಸಿಯಸ್‌ನಲ್ಲೇ ಹೇಳುತ್ತೇನೆ, ಫ್ಯಾರನ್‌ಹೀಟ್ ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ತಾತನ ಕಾಫಿ ತೋಟದಲ್ಲಿ ಕಿತ್ತಳೆ ಮರಗಳಿದ್ದವು. ಅವಕ್ಕೆ ಕಸಿ ಗಿಸಿ ಏನೂ ಇರಲಿಲ್ಲ. ಬೀಜ ಹಾಕಿ ಎಬ್ಬಿಸಿದ ಮರಗಳು, ಫಸಲಿಗೆ ಏಳೆಂಟು ವರ್ಷ ಕಾಯುತ್ತಿದ್ದರು. ಅಲ್ಲಿ ಮರ ಒಂದೇ, ಬೇರೂ ಅದರದ್ದೇ. ಇಲ್ಲಿ ಅಂಗಡಿಯಲ್ಲಿ ಸಿಗುವ ಗಿಡ ಬಹಳ ಸಲ ಎರಡು ಗಿಡ ಸೇರಿದ್ದು. ಮೇಲಿನದು ಹಣ್ಣು ಕೊಡುವುದು. ಕೆಳಗಿನದು ರೂಟ್‌ಸ್ಟಾಕ್, ಬೇರು ಕೊಡುವುದು. ನಾವು ಮೇಲಿನದನ್ನು ನೋಡಿ ದುಡ್ಡು ಕೊಡುತ್ತೇವೆ. ಚಳಿ ಊರಿನಲ್ಲಿ ಗಿಡ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎನ್ನುವುದರಲ್ಲಿ ಕೆಳಗಿನದರ ಮಾತು ಜಾಸ್ತಿ ನಡೆಯುತ್ತದೆ.

ಚಳಿ ಎಷ್ಟು ಬಿತ್ತು ಎನ್ನುವುದಕ್ಕಿಂತ ಅದು ಬಿದ್ದಾಗ ಗಿಡ ಎಚ್ಚರವಾಗಿತ್ತೋ ಮಲಗಿತ್ತೋ ಎನ್ನುವುದು ದೊಡ್ಡ ಪ್ರಶ್ನೆ. ಇದಕ್ಕೆ ಫ್ಲಾರಿಡಾದಲ್ಲಿ ನಡೆದದ್ದೇ ಸಾಕ್ಷಿ. 1894ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಭಾರಿ ಚಳಿ ಬಿತ್ತು. ಹಣ್ಣೆಲ್ಲ ಹೋಯಿತು, ಎಲೆ ಉದುರಿತು, ಆದರೆ ಮರಗಳು ಹೆಚ್ಚಾಗಿ ಉಳಿದವು. ಆಮೇಲೆ ಜನವರಿ ಬೆಚ್ಚಗಾಯಿತು. ಮರಗಳು ಚಳಿ ಮುಗಿಯಿತು ಎಂದು ನಂಬಿ ಚಿಗುರಿದವು, ತೊಗಟೆಯ ಕೆಳಗೆ ರಸ ಹರಿಯತೊಡಗಿತು. 1895ರ ಫೆಬ್ರವರಿ ಮೊದಲ ವಾರ ಎರಡನೇ ಚಳಿ ಬಂತು. ರಸ ಹೆಪ್ಪುಗಟ್ಟಿ ಕಾಂಡಗಳು ಸೀಳಿಕೊಂಡವು. ಮರಗಳು ನೆಲಮಟ್ಟಕ್ಕೆ ಸತ್ತವು. ಎಷ್ಟೋ ಬೆಳೆಗಾರರು ತೋಟ, ಮನೆ ಬಿಟ್ಟು ಹೊರಟೇಹೋದರು. ಮೊದಲ ಏಟಿಗೆ ಬದುಕಿದ ಮರವನ್ನು ಎರಡನೆಯದು ಕೊಂದದ್ದಕ್ಕೆ ಕಾರಣ ನಡುವಿನ ಆ ಬೆಚ್ಚನೆಯ ತಿಂಗಳು.

ಈ ಊರಿನಲ್ಲೂ ಅದೇ ಕಥೆ ಅಲ್ವಾ? ಜನವರಿಯಲ್ಲಿ ನಾಲ್ಕು ದಿನ ಸ್ವೆಟರ್ ತೆಗೆಯುವಷ್ಟು ಸೆಖೆ, ಐದನೇ ದಿನ ಮೈನಸ್ 8. ಜಂಬೇರಿ, ಅಂದರೆ ಒರಟು ಸಿಪ್ಪೆಯ ರಫ್ ಲೆಮನ್, ಅದರ ಬೇರಿನ ಮೇಲಿರುವ ಗಿಡ ಆ ನಾಲ್ಕು ದಿನದಲ್ಲೇ ಚಿಗುರಲು ನೋಡುತ್ತದೆ. ಮೂರೆಲೆ ಬೇರು ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ. ಶರತ್ಕಾಲದಲ್ಲಿ ಹಗಲು ಕುಗ್ಗಿ ರಾತ್ರಿ ತಣ್ಣಗಾದ ಕೂಡಲೇ ಅದು ಕೆಲಸ ನಿಲ್ಲಿಸುತ್ತದೆ. ಮೇಲಿನ ಗಿಡಕ್ಕೆ ಕೆಳಗಿನಿಂದ ಒತ್ತಡ ಬರುವುದಿಲ್ಲ, ಎಳೆ ಚಿಗುರು ಬಲಿತು ಗಟ್ಟಿಯಾಗುತ್ತದೆ. ಅದು ಮೇಲಿನ ಗಿಡಕ್ಕೆ ನಿದ್ದೆ ಕಲಿಸುತ್ತದೆ ಎಂದೇ ನಾನು ಹೇಳುವುದು.

ಆ ಫ್ಲಾರಿಡಾ ಚಳಿಯ ಬೆನ್ನಲ್ಲೇ ಅಮೆರಿಕದ ಕೃಷಿ ಇಲಾಖೆಯವರು ಚಳಿ ತಡೆಯುವ ಕಿತ್ತಳೆ ಮಾಡಲು ಹೊರಟರು. ವಾಲ್ಟರ್ ಸ್ವಿಂಗಲ್ ಎಂಬುವರು 1897ರಲ್ಲಿ ಸಿಹಿ ಕಿತ್ತಳೆಗೂ ಮೂರೆಲೆಗೂ ಸಂಕರ ಮಾಡಿದರು. ಅಪ್ಪನ ಚಳಿ ತಡೆಯುವ ಗುಣ, ಅಮ್ಮನ ಸಿಹಿ ಎರಡೂ ಬರಲಿ ಎಂದು. ಮಕ್ಕಳಿಗೆ ಬಂದದ್ದು ಅಪ್ಪನ ಕಹಿ! ತಿನ್ನಲು ಆಗದ ಆ ಮಕ್ಕಳೇ ಬೇರಾಗಿ ಕೆಲಸಕ್ಕೆ ಬಂದವು. ಇಂಥ ಸಂಕರಕ್ಕೆ ಸಿಟ್ರೇಂಜ್ ಎನ್ನುತ್ತಾರೆ. ನೀವು ಚೀಟಿಗಳ ಮೇಲೆ ನೋಡುವ ಕ್ಯಾರಿಜೋ, ಟ್ರಾಯರ್ ಎರಡೂ ಅದೇ ಗುಂಪು. ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್ ಇದೆಯಲ್ಲ, ನಮ್ಮ ಚಕ್ಕೋತದ ಸಂಬಂಧಿ, ಅದರೊಂದಿಗೆ ಕೂಡಿಸಿದ್ದು ಸಿಟ್ರುಮೆಲೋ. 1907ರಲ್ಲಿ ಮಾಡಿದ ಆ ಸಂಕರವನ್ನು ಬೆಳೆಗಾರರಿಗೆ ಬಿಟ್ಟಿದ್ದು 1974ರಲ್ಲಿ, ಸ್ವಿಂಗಲ್ ಅವರ ಹೆಸರಿನಲ್ಲೇ.

ಈ ಬೇರಿಗೆ ಒಂದು ಕೆಟ್ಟ ಚರಿತ್ರೆಯೂ ಇದೆ, ಅದನ್ನು ಬಿಟ್ಟು ಬರೀ ಹೊಗಳಿದರೆ ತಪ್ಪಾಗುತ್ತದೆ. 1900ರ ನಂತರ ಅಲಬಾಮಾದಿಂದ ಟೆಕ್ಸಸ್‌ವರೆಗೆ ಸಮುದ್ರದಂಚಿನ ಸೀಮೆಯಲ್ಲಿ ಸತ್ಸುಮಾ ಕಿತ್ತಳೆಯ ಹುಚ್ಚು ಹಿಡಿಯಿತು. ಸತ್ಸುಮಾ ಅಂದರೆ ಜಪಾನಿನ ಸಡಿಲ ಸಿಪ್ಪೆಯ, ಬೀಜವಿಲ್ಲದ ಕಿತ್ತಳೆ. ನಮ್ಮ ಕೊಡಗಿನ ಕಿತ್ತಳೆ ತಿಂದವರಿಗೆ ಸಿಪ್ಪೆ ಸುಲಿಯುವಾಗ ಊರು ನೆನಪಾಗುತ್ತದೆ, ರುಚಿಯಲ್ಲಿ ಮಾತ್ರ ಆ ಖಾರ ಇಲ್ಲ. ಜಪಾನಿನಿಂದ ಲಕ್ಷಗಟ್ಟಲೆ ಗಿಡಗಳು ಹಡಗಿನಲ್ಲಿ ಬಂದವು, ಎಲ್ಲ ಮೂರೆಲೆ ಬೇರಿನ ಮೇಲೆ. 1910ರ ಆಸುಪಾಸಿನಲ್ಲಿ ಬಂದ ಮೂರೆಲೆ ಸಸಿಗಳ ಜೊತೆ ಕ್ಯಾಂಕರ್ ರೋಗವೂ ಬಂತು. ನಿಂಬೆ ಎಲೆ ಮೇಲೆ ಕಜ್ಜಿಯಂತೆ ಏಳುತ್ತದಲ್ಲ, ಊರಲ್ಲಿ ಎಲ್ಲರೂ ನೋಡಿರುತ್ತೀರಿ, ಅದೇ. ಅದನ್ನು ನಿಲ್ಲಿಸಲು ಇಲ್ಲಿ ತೋಟಕ್ಕೆ ತೋಟವನ್ನೇ ಸುಡಬೇಕಾಯಿತು. ಗಿಡ ತರುವಾಗ ಎಲ್ಲಿಂದ ತಂದಿರಿ ಎಂದು ಇಲ್ಲಿನವರು ಅಷ್ಟು ಕೇಳುವುದು ಸುಮ್ನೆ ಅಲ್ಲ.

(ಇಲ್ಲಿ ಹಿಂದಿನಿಂದ ಒಬ್ಬರು ಕೇಳಿದರು: "ಸರ್, ಅಂದ್ರೆ ಮೂರೆಲೆ ಬೇರಿನ ನಿಂಬೆ ತಗೊಂಡ್ರೆ ಮೈನಸ್ 20ಕ್ಕೂ ಏನೂ ಆಗಲ್ವಾ?")

ಒಳ್ಳೇದಾಯಿತು ಕೇಳಿದ್ದು. ಇಲ್ಲ. ಎಲ್ಲರೂ ಎಡವುವ ಜಾಗ ಇದೇ. ಮೈನಸ್ 20 ತಡೆಯುವುದು ಮೂರೆಲೆ ಗಿಡ, ಅದರ ಮೇಲೆ ಕೂತಿರುವ ನಿಂಬೆ ಅಲ್ಲ. ನಿಂಬೆ ಮೈನಸ್ 3ಕ್ಕೇ ಎಲೆ ಸುಟ್ಟುಕೊಳ್ಳುತ್ತದೆ, ಇನ್ನೆರಡು ಡಿಗ್ರಿ ಇಳಿದರೆ ಕೊಂಬೆಗೇ ಕುತ್ತು. ಚಳಿಗೆ ಒಗ್ಗಿದ ದೊಡ್ಡ ಸತ್ಸುಮಾ ಮರ ಮೈನಸ್ 8ರ ಆಸುಪಾಸಿನವರೆಗೆ ಬರುತ್ತದೆ. ಬೇರು ಬದಲಿಸಿದರೆ ಈ ಲೆಕ್ಕದಲ್ಲಿ ಎರಡು ಡಿಗ್ರಿ ಸಿಕ್ಕರೆ ಪುಣ್ಯ ಎನ್ನುವುದು ನನ್ನ ಅನುಭವ. ಎಷ್ಟೋ ಸಲ ಆ ಎರಡು ಡಿಗ್ರಿಯಲ್ಲೇ ಮರ ಉಳಿಯುತ್ತದೆ, ಅದು ಬೇರೆ ಮಾತು. ಹಾಗಾಗಿ ಮೊದಲು ಮೇಲಿನ ಗಿಡವನ್ನು ಆರಿಸಿ. ಈ ಊರಿನಲ್ಲಿ ನೆಲಕ್ಕೆ ಹಾಕುವುದಾದರೆ ಸತ್ಸುಮಾ, ಯೂಜು, ಕುಮ್ಕ್ವಾಟ್ ಇಂಥವು. ನಿಂಬೆಯನ್ನು ಕುಂಡದಲ್ಲೇ ಇಟ್ಟುಕೊಳ್ಳಿ. ಯಾವ ಬೇರೂ ನಮ್ಮ ಲಿಂಬು ಗಿಡವನ್ನು ಸೇಬಿನ ಗಿಡ ಮಾಡುವುದಿಲ್ಲ.

ಇನ್ನು ಬೇರುಗಳ ವಿಷಯ. ನಮ್ಮೂರಿನ ಮಣ್ಣು ಕೆಂಪು ಜೇಡಿ, ಹುಳಿ ಮಣ್ಣು. ಇಲ್ಲಿ ನೆಲಕ್ಕೆ ಹಾಕುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಮೂರೆಲೆ ಎನ್ನುತ್ತೇನೆ. ಚಳಿಗಷ್ಟೇ ಅಲ್ಲ. ನೀರು ನಿಂತಾಗ ಬೇರು ಕೊಳೆಸುವ ಶಿಲೀಂಧ್ರವನ್ನು ತಡೆಯುತ್ತದೆ, ಬೇರಿನ ಜಂತುಹುಳು ತಡೆಯುತ್ತದೆ, ಟ್ರಿಸ್ಟೆಜಾ ವೈರಸ್‌ಗೆ ಬಗ್ಗುವುದಿಲ್ಲ. ಹಣ್ಣಿನ ರುಚಿಯೂ ಚೆನ್ನಾಗಿರುತ್ತದೆ. ಜಂಬೇರಿ ಬೇರಿನ ಮರ ಬೇಗ ಎತ್ತರ ಹೋಗುತ್ತದೆ, ಜಾಸ್ತಿ ಹಣ್ಣು ಬಿಡುತ್ತದೆ, ಆದರೆ ಹಣ್ಣು ಸ್ವಲ್ಪ ಸಪ್ಪೆ. ಮೂರೆಲೆ ಮೇಲಿನ ಮರ ನಿಧಾನ, ಹಣ್ಣು ಗಟ್ಟಿ ರುಚಿ.

ಒಂದು ವಿಷಯಕ್ಕೆ ಹೆದರಬೇಡಿ. ನಾಲ್ಕೈದು ವರ್ಷವಾದ ಮೇಲೆ ಕಸಿಗಂಟಿನ ಕೆಳಗೆ ಕಾಂಡ ದಪ್ಪಗಾಗಿ ಮೆಟ್ಟಿಲಿನ ಹಾಗೆ ಹೊರಗೆ ಬರುತ್ತದೆ. ಮೇಲೆ ತೆಳ್ಳಗೆ, ಕೆಳಗೆ ಆನೆಕಾಲು. ನನ್ನ ಪಕ್ಕದ ಮನೆಯವರು ಅದನ್ನು ರೋಗ ಎಂದುಕೊಂಡು ಗಿಡ ಕಡಿಯಲು ಹೊರಟಿದ್ದರು. ಅದು ರೋಗ ಅಲ್ಲ, ಎರಡು ಗಿಡ ಬೇರೆ ಬೇರೆ ವೇಗದಲ್ಲಿ ದಪ್ಪಗಾಗುತ್ತಿವೆ ಅಷ್ಟೇ.

ಆದರೆ ಇದೇ ಬೇರನ್ನು ಆಸ್ಟಿನ್‌ನಲ್ಲಿರುವ ನನ್ನ ಗೆಳೆಯ ನೆಟ್ಟ. ಎರಡನೇ ಬೇಸಿಗೆಗೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಅಲ್ಲಿನ ನೆಲ ಸುಣ್ಣಕಲ್ಲು, ನಲ್ಲಿ ನೀರೂ ಹಾಗೇ. ಸುಣ್ಣದ ಮಣ್ಣಿನಲ್ಲಿ ಮೂರೆಲೆ ಬೇರಿಗೆ ಕಬ್ಬಿಣದ ಅಂಶ ಎಳೆದುಕೊಳ್ಳಲು ಆಗುವುದಿಲ್ಲ. ಸ್ವಿಂಗಲ್ ಸಿಟ್ರುಮೆಲೋ ಕೂಡ ಅಲ್ಲಿ ಸೋಲುತ್ತದೆ. ಟೆಕ್ಸಸ್‌ನವರು ಹಿಂದಿನಿಂದ ಹುಳಿ ಕಿತ್ತಳೆ ಬೇರು ಬಳಸಿದ್ದು ಅದಕ್ಕೇ. ನಮ್ಮ ಕೊಡಗಿನ ಕೈಪುಳಿಯ ನಂಟಿನದು ಅದು. ಸುಣ್ಣ ತಡೆಯುತ್ತದೆ, ಚಳಿಯನ್ನೂ ಸುಮಾರಾಗಿ ತಡೆಯುತ್ತದೆ, ಹಣ್ಣೂ ಚೆನ್ನ. ಒಂದೇ ತೊಂದರೆ ಟ್ರಿಸ್ಟೆಜಾ. ಆ ಮಾತಿಗೆ ಅರ್ಥವೇ ದುಃಖ. 1930ರ ನಂತರ ಬ್ರೆಜಿಲ್, ಅರ್ಜೆಂಟೀನಾದಲ್ಲಿ ಹುಳಿ ಕಿತ್ತಳೆ ಬೇರಿನ ಮೇಲಿದ್ದ ಮರಗಳು ಲಕ್ಷಗಟ್ಟಲೆ ಒಣಗಿದವು. ಸಸ್ಯಹೇನು ಆ ವೈರಸ್ಸನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಇಷ್ಟಾದರೂ ಸುಣ್ಣದ ನೆಲದಲ್ಲಿ ಇರುವ ಗೆಳೆಯನಿಗೆ ನಾನು ಹೇಳಿದ್ದು ಹುಳಿ ಕಿತ್ತಳೆ ಬೇರೇ, ಇಲ್ಲವಾದರೆ ಸಿ-22 ಎಂಬ ಹೊಸ ಬೇರು, ಮ್ಯಾಂಡರಿನ್ ಕಿತ್ತಳೆಗೂ ಮೂರೆಲೆಗೂ ಹುಟ್ಟಿದ ಸಂಕರ, ಸಿಕ್ಕರೆ ನೋಡು ಎಂದು. ಅವನು ಎರಡೂ ಮಾಡಲಿಲ್ಲ, ಗಿಡವನ್ನು ಕಿತ್ತು ದೊಡ್ಡ ಕುಂಡಕ್ಕೆ ಹಾಕಿದ, ಮಳೆ ನೀರು ಹಿಡಿದು ಹಾಕುತ್ತಿದ್ದಾನೆ. ಈಗ ಎಲೆ ಹಸಿರಾಗಿದೆ.

ಕ್ಯಾರಿಜೋ ಬಗ್ಗೆ ಎರಡು ಮಾತು. ಮೂರೆಲೆಗಿಂತ ಬೇಗ ಬೆಳೆಯುತ್ತದೆ, ಎಲ್ಲ ಕಡೆ ಸಿಗುತ್ತದೆ. ಆದರೆ ಅಪ್ಪನಷ್ಟು ಗಾಢ ನಿದ್ದೆ ಮಗನಿಗಿಲ್ಲ. ಸಮುದ್ರದ ಹತ್ತಿರ ಇರುವವರಿಗೆ ಸರಿ, ನಮ್ಮಷ್ಟು ಒಳಗೆ ಇರುವವರಿಗೆ ನಾನು ಹೇಳುವುದಿಲ್ಲ. ಜಂಬೇರಿ, ರಂಗಪುರ ಲೈಮ್, ಮ್ಯಾಕ್ರೊಫಿಲಾ ಈ ಮೂರೂ ಬಿಸಿ ಊರಿನ ಬೇರುಗಳು. ರಂಗಪುರ ಕೊಡಗಿನಲ್ಲಿ ಒಳ್ಳೆಯ ಬೇರು, ನಾಗಪುರದಲ್ಲಿ ಜಂಬೇರಿ ಒಳ್ಳೆಯ ಬೇರು. ಇಲ್ಲಿ ನೆಲಕ್ಕೆ ಬೇಡ.

ಇನ್ನೊಂದು ಬೇರಿನ ಬಗ್ಗೆ ಮಾತ್ರ ನನಗೆ ಸ್ವಲ್ಪ ಮೋಹ ಇದೆ. ಫ್ಲೈಯಿಂಗ್ ಡ್ರ್ಯಾಗನ್. ಜಪಾನಿಯಲ್ಲಿ ಹಿರ್ಯೂ. ಮೂರೆಲೆಯದೇ ಒಂದು ಬಗೆ, ಆದರೆ ಕೊಂಬೆಗಳು ಹಾವಿನಂತೆ ಸುತ್ತಿಕೊಂಡು ಹೋಗುತ್ತವೆ, ಮುಳ್ಳು ಕೆಳಕ್ಕೆ ಬಾಗಿ ಹುಲಿಯುಗುರಿನ ಹಾಗಿರುತ್ತದೆ. ಚಳಿಗಾಲದಲ್ಲಿ ಎಲೆ ಬಿದ್ದ ಮೇಲೆ ಬರೀ ಕೊಂಬೆ ನೋಡುತ್ತಾ ನಿಲ್ಲಬಹುದು. ಇದರ ಮೇಲೆ ಕಸಿ ಕಟ್ಟಿದ ಮರ ಆಳೆತ್ತರ ದಾಟಲು ಬಹಳ ವರ್ಷ ಬೇಕು. ಗಿಡ ಸಣ್ಣದಿದ್ದರೆ ಚಳಿ ರಾತ್ರಿ ಕಂಬಳಿ ಹೊದಿಸಲು ಸುಲಭ. ಎತ್ತರದ ಮರಕ್ಕೆ ಏಣಿ ಹಾಕಿ ಹೊದಿಸಿ ನೋಡಿ, ಆಗ ಗೊತ್ತಾಗುತ್ತದೆ ನಾನು ಏನು ಹೇಳುತ್ತಿದ್ದೇನೆ ಎಂದು. ಕುಂಡಕ್ಕೂ ಇದು ಚೆನ್ನ.

("ನಮ್ಮ ಲೆಮನ್ ಗಿಡ ಐದು ವರ್ಷ ಚೆನ್ನಾಗಿತ್ತು, ಆಮೇಲೆ ಒಳಗೇ ಇಟ್ಟಿದ್ದರೂ ಒಣಗಿತು. ಚಳಿ ಅಲ್ಲ, ಹುಳ ಅಲ್ಲ. ಯಾಕಿರಬಹುದು?" ಎಂದು ಒಬ್ಬರು ಕೇಳಿದರು. ಯಾವ ತಳಿ ಎಂದೆ. ಯುರೇಕಾ ಎಂದರು.)

ಅಕ್ಕ, ಕಸಿಗಂಟಿನ ಹತ್ತಿರ ತೊಗಟೆ ಕೆತ್ತಿ ನೋಡಿದ್ದರೆ ಅಡ್ಡಕ್ಕೆ ಒಂದು ಕಂದು ಗೆರೆ ಸಿಗುತ್ತಿತ್ತೋ ಏನೋ. ಯುರೇಕಾ ನಿಂಬೆಗೂ ಮೂರೆಲೆಗೂ ಆಗಿಬರುವುದಿಲ್ಲ. ಅದರ ಮಕ್ಕಳಾದ ಕ್ಯಾರಿಜೋ, ಸ್ವಿಂಗಲ್ ಜೊತೆಗೂ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಎಲ್ಲ ಚೆನ್ನಾಗಿರುತ್ತದೆ, ಕೆಲವು ವರ್ಷಕ್ಕೆ ಕಸಿಗಂಟಿನಲ್ಲಿ ರಸದ ದಾರಿ ಮುಚ್ಚಿಕೊಳ್ಳುತ್ತದೆ. ನನಗೂ ಒಂದು ಹೀಗೇ ಹೋಗಿದೆ. ಮಾರಿದವರಿಗೆ ಫೋನ್ ಮಾಡಿ ಬೇರು ಯಾವುದು ಎಂದು ಕೇಳಿದರೆ, "ನಿಂಬೆಯದ್ದೇ ಸರ್" ಎಂದರು. ಬೇರು ಯಾವುದು ಎನ್ನುವ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದ ಕಡೆ ಗಿಡ ಕೊಳ್ಳಬೇಡಿ. ಯುರೇಕಾ ಬದಲು ಮೇಯರ್ ನಿಂಬೆ ತೆಗೆದುಕೊಳ್ಳಿ. ಅದು ಸ್ವಲ್ಪ ಚಳಿಯೂ ತಡೆಯುತ್ತದೆ. ಉಪ್ಪಿನಕಾಯಿಗೆ ಮಾತ್ರ ಹುಳಿ ಸಾಲದು, ಮೊದಲೇ ಹೇಳಿಬಿಡುತ್ತೇನೆ.

ಕುಂಡದವರಿಗೆ ಇನ್ನೊಂದು. ಜನವರಿಯಲ್ಲಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟ ನಿಂಬೆ ಒಂದೇ ವಾರದಲ್ಲಿ ಎಲೆ ಉದುರಿಸುತ್ತದೆ. ಎಲೆಗೆ ಬಿಸಿಲು, ಬೇರಿಗೆ ನೆಲದ ತಣ್ಣನೆ ಟೈಲ್ಸ್. ಮಣ್ಣು ಸುಮಾರು 12 ಡಿಗ್ರಿಗಿಂತ ತಣ್ಣಗಾದರೆ ಬೇರು ನೀರು ಎಳೆಯುವುದನ್ನು ಹೆಚ್ಚುಕಮ್ಮಿ ನಿಲ್ಲಿಸುತ್ತದೆ, ಮೇಲೆ ಎಲೆ ನೀರು ಕೇಳುತ್ತಲೇ ಇರುತ್ತದೆ. ಕುಂಡದ ಕೆಳಗೆ ಒಂದು ಹಲಗೆ ಇಡಿ, ಅಥವಾ ಗಿಡವನ್ನೇ ತಣ್ಣಗಿನ, ಬಿಸಿಲಿಲ್ಲದ ಗ್ಯಾರೇಜಿಗೆ ಹಾಕಿ. ಮೂರೆಲೆ ಬೇರಿನ ಗಿಡ ಗ್ಯಾರೇಜಿನಲ್ಲಿ ಸುಖವಾಗಿ ಮಲಗುತ್ತದೆ. ಬೆಚ್ಚನೆ ಮನೆಯೊಳಗೆ ವರ್ಷಪೂರ್ತಿ ಚಿಗುರಬೇಕು ಎನ್ನುವವರಿಗೆ ಈ ಬೇರು ಅಷ್ಟು ಹೊಂದುವುದಿಲ್ಲ, ಚಳಿಗಾಲವಿಡೀ ಮುಖ ಊದಿಸಿಕೊಂಡು ಕೂತಿರುತ್ತದೆ.

ನೆಲದವರು ನವೆಂಬರ್ ಕೊನೆಗೆ ಒಂದು ಕೆಲಸ ಮಾಡಿ. ಕಸಿಗಂಟಿನ ಮೇಲೆ ಒಂದು ಅಡಿವರೆಗೆ ಬುಡಕ್ಕೆ ಒಣ ಮಣ್ಣು ಏರಿಸಿ. ಮೇಲೆ ಎಲ್ಲ ಸತ್ತರೂ ಮಣ್ಣಿನೊಳಗಿನ ಆ ಒಂದಡಿ ನಿಮ್ಮ ಕಿತ್ತಳೆಯೇ ಆಗಿರುತ್ತದೆ, ಚಿಗುರು ಅಲ್ಲಿಂದ ಬರುತ್ತದೆ. 2022ರ ಕ್ರಿಸ್‌ಮಸ್ ಹಿಂದಿನ ದಿನ ನಮ್ಮ ಹಿತ್ತಲಿನ ಥರ್ಮಾಮೀಟರ್ ಮೈನಸ್ 12 ತೋರಿಸಿತು. ಎರಡು ಸತ್ಸುಮಾ ಇದ್ದವು. ಮಣ್ಣು ಏರಿಸಿದ್ದು ಮೊಣಕಾಲೆತ್ತರದಿಂದ ಚಿಗುರಿತು, ಇನ್ನೊಂದರಿಂದ ಮತ್ತೆ ಬಿಲ್ವವೇ ಬಂತು. ಮಾರ್ಚ್ ಕೊನೆಗೆ ಮಣ್ಣು ಸರಿಸುವುದು ಮರೆಯಬೇಡಿ. ಕೊಳೆ ರೋಗ ತಡೆಯುವುದು ಬೇರು, ಮೇಲಿನ ಕಾಂಡ ಅಲ್ಲ.

(ಕೊನೆಗೆ ಹಿರಿಯರೊಬ್ಬರು: "ಅಲ್ಲಪ್ಪಾ, ಊರಿಂದ ಬರುವಾಗ ಒಂದು ಕೊಡಗಿನ ಕಿತ್ತಳೆ ಕಡ್ಡಿ ಬಟ್ಟೆಯೊಳಗೆ ಸುತ್ತಿಕೊಂಡು ಬಂದರೆ ಈ ಬೇರಿನ ಮೇಲೆ ಕಟ್ಟಬಹುದಲ್ವಾ?")

ಕಟ್ಟಿದರೆ ಹಿಡಿಯುತ್ತದೆ, ಅಮ್ಮಾ. ಅದಕ್ಕೇ ತರಬೇಡಿ ಎನ್ನುವುದು. ಕೊಡಗಿನಲ್ಲಿ ಕಿತ್ತಳೆ ತೋಟಗಳನ್ನು ಹಾಳು ಮಾಡಿದ ಗ್ರೀನಿಂಗ್ ರೋಗ ಕಡ್ಡಿಯೊಳಗೇ ಕೂತು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಫ್ಲಾರಿಡಾದ ತೋಟಗಳನ್ನು ತಿಂದದ್ದೂ ಅದೇ. ಅದನ್ನು ಹರಡುವ ಪುಟ್ಟ ಕೀಟಕ್ಕೆ ಕರಿಬೇವು ಅಂದರೆ ಪ್ರಾಣ. ಆದ್ದರಿಂದ ಕರಿಬೇವಿನ ಗಿಡವನ್ನೂ ರಾಜ್ಯದಿಂದ ರಾಜ್ಯಕ್ಕೆ ಸೂಟ್‌ಕೇಸಿನಲ್ಲಿ ದಾಟಿಸಬೇಡಿ. ಯಾರೆಲ್ಲ ತಲೆ ತಗ್ಗಿಸಿದಿರಿ, ನನಗೆ ಕಂಡಿತು!

ಈಗ ಹೊರಗಿನ ಮೇಜಿನ ಮೇಲೆ ಇಪ್ಪತ್ತು ಸಸಿ ಇಟ್ಟಿದ್ದೇನೆ. ಎಲ್ಲ ಆ ಹಿತ್ತಲಿನ ಕಹಿ ಮರದ ಬೀಜದವು. ಬೀಜ ಒಣಗಲು ಬಿಡದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಚಳಿಗಾಲ ಕಳೆದು, ಮಾರ್ಚಿನಲ್ಲಿ ಹಾಕಿದ್ದು. ಕೆಲವು ಕುಂಡದಲ್ಲಿ ಒಂದೇ ಬೀಜದಿಂದ ಎರಡು ಮೂರು ಸಸಿ ಎದ್ದಿವೆ. ಅವು ಹೆಚ್ಚಿನವು ತಾಯಿಯ ಪಡಿಯಚ್ಚು. ಬೇರೆಯವುಗಳಿಗಿಂತ ಪೀಚಾಗಿ, ವಿಚಿತ್ರವಾಗಿ ಕಾಣುವುದನ್ನು ಕಿತ್ತುಹಾಕಿ. ಪೆನ್ಸಿಲ್ ದಪ್ಪ ಬಂದ ಮೇಲೆ ಫೋನ್ ಮಾಡಿ, ಬಂದು ಕಣ್ಣು ಕಸಿ ಕಟ್ಟಿಕೊಡುತ್ತೇನೆ. ಮರ ಮಾಡಲು ಬಿಟ್ಟರೆ ಹಣ್ಣು ಉದುರಿ ಪಕ್ಕದ ಕಾಡಿನಲ್ಲೆಲ್ಲ ಹುಟ್ಟುತ್ತದೆ, ಬಿಡಬೇಡಿ. ಮನೆಗೆ ಒಂದು ಸಸಿ. ಶ್ರಾವಣಕ್ಕೆ ಎಲೆ ಬೇಕು ಎನ್ನುವವರಿಗೆ ಎರಡು. ಮೇಜಿನ ಪಕ್ಕ ಗ್ಲೌಸ್ ಇದೆ, ಹಾಕಿಕೊಂಡೇ ಎತ್ತಿ.